ಎಣ್ಣೆ ಕೈಯ ಕಾಗದಗಳು

ಶಿರಸಿ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲ. ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ತೀರ ಸಣ್ಣವರ ವರ್ಗ ಕೊಟ್ಟಿದ್ದರು. ನನಗೂ ಇಪ್ಪತ್ತು ದಾಟಿರಲಿಲ್ಲ, ಹುರುಪಿಗೇನೂ ಕಡಿಮೆಯಿರಲಿಲ್ಲ.

ತಲೆಗೆ ಎಣ್ಣೆ ಬಳಿಯದೆ ಯಾವ ತಾಯಿಯೂ ಮಗುವನ್ನು ಶಾಲೆಗೆ ಕಳಿಸುತ್ತಿರಲಿಲ್ಲ. ಒಂದು ದಿನ ಮೋಟಾರು ಡ್ರೈವರನ ಮಗಳು ತಲೆ ಕೆರೆದುಕೊಂಡ ಕೈಯನ್ನು ಕಾಗದದ ಮೇಲೆ ಊರಿದಳು. ಅದರ ಮೇಲೆ ನೀಲಿ ನೀರು ಬಳಿದರೆ ಎಣ್ಣೆ ತಾಗಿದಲ್ಲಿ ಬಣ್ಣ ಹಿಡಿಯಲೇ ಇಲ್ಲ. ಐದು ಬೆರಳು ಬೆಳ್ಳಗೆ ಎದ್ದು ಕಂಡವು. ಅಷ್ಟೇ ಸಾಕಾಯಿತು, ಇಡೀ ವರ್ಗ ತಲೆ ಉಜ್ಜಿಕೊಂಡು ಕಾಗದದ ಮೇಲೆ ಬಿತ್ತು. ಕೆಮ್ಮಣ್ಣು, ಅರಿಶಿನ, ಬಟ್ಟೆಗೆ ಹಾಕುವ ನೀಲಿ, ಇವೇ ನಮ್ಮ ಬಣ್ಣ. ಏನು ಬರೆಯಬೇಕೆಂದು ನಾನು ಹೇಳಲಿಲ್ಲ. ನಿಮ್ಮ ಕಾಗದವನ್ನು ಯಾರೂ ತಿದ್ದುವುದಿಲ್ಲ ಎಂದು ಮಾತು ಕೊಟ್ಟೆ.

ಕಚೇರಿಯ ರದ್ದಿ ಕಾಗದ ತರಿಸಿಕೊಟ್ಟವರು ನಮ್ಮ ಮುಖ್ಯ ಶಿಕ್ಷಕಿ, ದೊಡ್ಡ ಅಕ್ಕೋರು. ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದರು. "ದಿಪೋಟಿ ಸಾಹೇಬರು ತಪಾಸಣೆಗೆ ಬಂದಾಗ ಇದನ್ನೇ ತೋರ್ಸುವ, ತಂಗಿ" ಎಂದರು. ದಿಪೋಟಿ ಎಂದರೆ ಶಾಲೆಗಳ ಡೆಪ್ಯುಟಿ ಇನ್ಸ್‌ಪೆಕ್ಟರು. ನಾನು ನಂಬಿ ಮಕ್ಕಳ ಕಾಗದದ ಕಟ್ಟನ್ನು ಅವರ ಕೈಗೇ ಕೊಟ್ಟೆ.

ತಪಾಸಣೆಯ ದಿನ ಗೋಡೆಯ ಮೇಲೆ ನಮ್ಮ ಕಾಗದ ಒಂದೂ ಇರಲಿಲ್ಲ. ಸಾಲಾಗಿ ಮಾವಿನಕಾಯಿ, ಗಿಳಿ, ತುಳಸಿಕಟ್ಟೆ. ದೊಡ್ಡ ಅಕ್ಕೋರು ಮೇಲಿನ ವರ್ಗದ ಹುಡುಗಿಯರಿಂದ ಬರೆಸಿ ಕೆಳಗೆ ನನ್ನ ವರ್ಗದ ಮಕ್ಕಳ ಹೆಸರು ಹಾಕಿಸಿದ್ದರು.

"ನಮ್ಮವು ಎಲ್ಲಿ?" ಎಂದು ಅವರ ಹತ್ತಿರ ಪಿಸುಗುಟ್ಟಿದೆ.

"ಆ ರಾಡಿ ಸಾಹೇಬರಿಗೆ ತೋರ್ಸೂಕಾಗ್ತದಾ ತಂಗಿ? ಬಚ್ಚಲ ಒಲೆಗೆ ಹಾಕ್ದೆ. ಎಣ್ಣೆ ಕಾಗದ, ಚಲೋ ಹತ್ಕಂತು."

ಅವರ ಮುಖದಲ್ಲಿ ಕಪಟದ ಸುಳಿವೂ ಇರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಸಾಹೇಬರು ಒಂದು ಗಿಳಿಯ ಕೆಳಗಿನ ಹೆಸರು ಓದಿ ಡ್ರೈವರನ ಮಗಳನ್ನು ಕರೆದರು. "ಇದು ನೀನೇ ಬರೆದದ್ದೇನು?" ಹುಡುಗಿ ನನ್ನ ಮುಖ ನೋಡಿದಳು. ಹೂಂ ಅನ್ನು ಎಂದು ನಾನು ಕಣ್ಸನ್ನೆ ಮಾಡಿದೆ. ಅವಳು ಹೂಂ ಎಂದಳು. ನನಗೆ ನೌಕರಿ ಹೋದೀತೆಂಬ ಹೆದರಿಕೆ, ಬೇರೇನಲ್ಲ. ದೊಡ್ಡ ಅಕ್ಕೋರು ನನಗೆ ಮೋಸ ಮಾಡಿದರೆಂದು ಇಷ್ಟು ವರ್ಷ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಈ ಸನ್ನೆಯ ಸಂಗತಿ ಮಾತ್ರ ಯಾರಿಗೂ ಹೇಳಿರಲಿಲ್ಲ.

ಮುಂದಿನ ವಾರ ಮತ್ತೆ ಕಾಗದ ಹಂಚಿದೆ. ಡ್ರೈವರನ ಮಗಳು ಬಣ್ಣ ಬಳಿದು ಮುಗಿಸಿ, ತಂದು ನನ್ನ ಮುಂದಿಟ್ಟಳು.

"ಅಕ್ಕೋರೆ, ಇದಕ್ಕೆ ಯಾರ ಹೆಸರು ಬರೀಲಿ?" ಎಂದು ಕೇಳಿದಳು.