ಹುಲುಗಪ್ಪಣ್ಣನ ಮೂರು ‘ಆತ್ರಿ’

ಹುಲುಗಪ್ಪಣ್ಣ ಕಣ್ಣು ಮುಚ್ಚಿಕೊಂಡು ಕೆಲಸ ಮಾಡುತ್ತಿದ್ದರು. ಕಂಪ್ಲಿಯ ಅಕ್ಕಿ ಗಿರಣಿಯ ಹಿಂದೆ ದೊಡ್ಡ ಸಿಮೆಂಟಿನ ಕಣವಿತ್ತು. ಕುದಿಸಿದ ಭತ್ತವನ್ನು ಅಲ್ಲಿ ಹರವಿ ಒಣಗಿಸುತ್ತಿದ್ದರು. ಅದರೊಳಗೆ ಅವರು ಬರಿಗಾಲಲ್ಲಿ, ಪಾದ ಎತ್ತದೆ, ಎಳೆದುಕೊಂಡು ನಡೆಯುತ್ತಿದ್ದರು. ಹಿಂದೆ ಉದ್ದುದ್ದ ಸಾಲು ಬೀಳುತ್ತಿತ್ತು, ಅಡಿಯ ಕಾಳು ಮೇಲೆ ಬರುತ್ತಿತ್ತು. ಹಬೆ ಇನ್ನೂ ಆರದ ಭತ್ತದ ವಾಸನೆ, ಕಾಲಡಿಯ ಸರಸರ ಸದ್ದು, ಬಿಸಿಲಿನಲ್ಲಿ ಹೋಗಿಬರುವ ಅವರ ನೆರಳು. ಆ ಮಧ್ಯಾಹ್ನಗಳನ್ನು ನಾನು ಎಚ್ಚರದಲ್ಲಿ ಕಂಡೆನೋ ತೂಕಡಿಕೆಯಲ್ಲಿ ಕಂಡೆನೋ, ಈಗ ಹೇಳುವುದು ಕಷ್ಟ.

ನಾನು ದಿನಾ ಚಿತ್ತವಾಡ್ಗಿಯಿಂದ ಬಸ್ಸು ಹಿಡಿದು ಆ ಗಿರಣಿಗೆ ಹೋಗುತ್ತಿದ್ದೆ. ಕಾಳಿನಲ್ಲಿ ಎಷ್ಟು ತೇವ ಉಳಿದಿದೆ ಎಂದು ಮೀಟರಿನಲ್ಲಿ ನೋಡಿ ಹೇಳುವುದು ನನ್ನ ಕೆಲಸ. ಅದೇ ತೇವವನ್ನು ಹುಲುಗಪ್ಪಣ್ಣ ಅಂಗಾಲಿನಲ್ಲಿ ನೋಡುತ್ತಿದ್ದರು.

ನಮ್ಮಿಬ್ಬರ ಮೇಲೆ ಸಣ್ಣ ಸಾಹುಕಾರರಿದ್ದರು. ಮಾಲೀಕರ ಅಳಿಯ. ಕಾರಿನ ಕೀಲಿಗೊಂಚಲು ಕುಣಿಸುತ್ತ ಬರುತ್ತಿದ್ದರು. ಆ ಸದ್ದು ಕೇಳಿದರೆ ನಾನು ಮೀಟರು ಹಿಡಿದು ಎದ್ದು ನಿಲ್ಲುತ್ತಿದ್ದೆ. ಅವರಿಗೆ ಎಲ್ಲವೂ ಈಗಿಂದೀಗ ಆಗಬೇಕು. ಆಗದಿದ್ದರೆ ಹಮಾಲರ ಮುಂದೆಯೇ ಮಾನ ಹರಾಜು. ರಾಜೀನಾಮೆ ಬರೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ನಾನು ತಿಂಗಳುಗಟ್ಟಲೆ ಓಡಾಡಿದೆ. ಒಮ್ಮೆ ಅಂಗಿಯ ಜೊತೆ ಅದೂ ಒಗೆತಕ್ಕೆ ಹೋಗಿ, ಮತ್ತೆ ಬರೆದೆ.

ಸಾಹುಕಾರರು ಏನೇ ಹೇಳಲಿ, ಹುಲುಗಪ್ಪಣ್ಣನ ಉತ್ತರ ಒಂದೇ: ‘ಆತ್ರಿ.’ ಹೇಡಿ ಮನುಷ್ಯ ಎಂದುಕೊಂಡಿದ್ದೆ. ಅದು ಒಂದಲ್ಲ, ಮೂರು ಎಂದು ತಿಳಿಯಲು ನನಗೆ ಒಂದು ಸುಗ್ಗಿ ಬೇಕಾಯಿತು. ಗಿಡ್ಡಗೆ ‘ಆತ್ರಿ’ ಎಂದರೆ ಮಾಡುತ್ತೇನೆ. ‘ಆತ್ ಆತ್ರಿ’ ಎಂದರೆ ನೀವು ಹೇಳುವ ಮೊದಲೇ ಮಾಡಿ ಮುಗಿಸಿದ್ದೇನೆ. ಆಕಾಶ ನೋಡುತ್ತ ‘ಆತ್ರೀ...’ ಎಂದು ಎಳೆದರೆ ಅದು ಈ ಜನ್ಮದಲ್ಲಿ ಆಗುವ ಮಾತಲ್ಲ. ಗಿರಣಿಯ ಅಷ್ಟೂ ಮಂದಿಗೆ ಇದು ಗೊತ್ತಿತ್ತು, ಸಾಹುಕಾರರೊಬ್ಬರನ್ನು ಬಿಟ್ಟು.

ಒಂದು ದಿನ ಬೈಸಿಕೊಂಡು ಕಣದ ಅಂಚಿನಲ್ಲಿ ಕೂತಿದ್ದೆ. “ತಮ್ಮಾ, ಚಪ್ಪಲಿ ಬಿಟ್ಟು ಒಳಗ ಬಾ,” ಎಂದು ಹುಲುಗಪ್ಪಣ್ಣ ಕರೆದರು. ಕಾಳು ಬೆಚ್ಚಗಿತ್ತು. ಎರಡು ಸುತ್ತು ನಡೆಯುವಷ್ಟರಲ್ಲಿ ಬೈಗುಳ ಮರೆತಿತ್ತು.

“ಅವ್ರು ಬೈಯೋದು ಗಾಳಿ ಇದ್ದಂಗ,” ಎಂದರು ಕಣ್ಣು ತೆರೆಯದೆ. “ನೆಲ್ಲು ಒಣಗಾಕ ಗಾಳೀನೂ ಬೇಕಲ್ಲೇನಪಾ?”

“ನಿಮಗ ಸಿಟ್ಟು ಬರಂಗಿಲ್ಲೇನು?”

“ಬರತೈತಿ. ಆದ್ರ ಕಣ ಸಾವ್ಕಾರ್ದು, ಕಾಲು ನಂದು.”

ಆಮೇಲೆ ನಾನು ತಪ್ಪು ಮಾಡಿದೆ. ಇನ್ನೊಂದು ದಿನ ಅಕ್ಕಿ ಒಯ್ಯಲು ಲಾರಿ ಬಂದು ನಿಂತಿತ್ತು, ಭತ್ತ ಇನ್ನೂ ಕಣದಲ್ಲಿತ್ತು. ಸಾಹುಕಾರರು ಬಾಚಿ ಗಿರಣಿಗೆ ಹಾಕಿ ಎಂದರು. ಹುಲುಗಪ್ಪಣ್ಣ ಆಕಾಶ ನೋಡಿ ‘ಆತ್ರೀ...’ ಎಂದು ಎಳೆದು, ತಮ್ಮ ಪಾಡಿಗೆ ನಡೆಯತೊಡಗಿದರು. ಸಾಹುಕಾರರು ನನ್ನ ಕಡೆ ತಿರುಗಿದರು. ಒಮ್ಮೆಯಾದರೂ ಶಹಬಾಸ್ ಅನ್ನಿಸಿಕೊಳ್ಳುವ ಆಸೆ ನನಗೆ. ಮೇಲಿನ ಪದರದಿಂದ ಒಂದು ಹಿಡಿ ಎತ್ತಿ ಮೀಟರಿಗೆ ಹಾಕಿ, “ಒಣಗೇತ್ರಿ” ಎಂದುಬಿಟ್ಟೆ. ಅಡಿಯ ಕಾಳು ಹಸಿಯಾಗಿತ್ತು. ಗಿರಣಿಯ ಬಾಯಲ್ಲಿ ಅಕ್ಕಿಯ ಬದಲು ನುಚ್ಚು ಸುರಿಯಿತು.

“ಮೀಟರ್ ಹಿಡ್ಕಂಡು ಏನ್ ನೋಡ್ದಿಲೇ?” ಎಂದು ಸಾಹುಕಾರರು ನನ್ನ ಮೇಲೆ ಬಂದರು.

“ಅವನ್ನ ಬೈಬ್ಯಾಡ್ರಿ,” ಎಂದರು ಹುಲುಗಪ್ಪಣ್ಣ. “ಒಣಗೇತಿ ಅಂತ ಅವಂಗ ಹೇಳ್ದಾಂವ ನಾನು. ನನ್ ಕಾಲು ತಪ್ಪಿತ್ರಿ.”

ಅವರ ಕಾಲು ಎಂದೂ ತಪ್ಪಿರಲಿಲ್ಲ. ಅದೊಂದೇ ಅವರ ಹೆಮ್ಮೆ, ಅದನ್ನೇ ನನಗಾಗಿ ಕೊಟ್ಟುಬಿಟ್ಟರು. ನಾನು ಬಾಯಿ ಬಿಡಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮರುದಿನದಿಂದ ಅವರನ್ನು ಗೇಟು ಕಾಯಲು ಹಾಕಿದರು. ಬೇವಿನ ಮರದ ನೆರಳು, ಕುರ್ಚಿ, ಕಾಲಿಗೆ ಚಪ್ಪಲಿ. ಬೇರೆಯವರಿಗಾದರೆ ಬಡ್ತಿಯೇ. ಅವರು ಮಾತ್ರ ಮೆಲ್ಲಗೆ ಚಪ್ಪಲಿ ಕಳಚಿ, ಅಂಗಾಲನ್ನು ನೆಲಕ್ಕೆ ಉಜ್ಜುತ್ತ ಕೂತಿರುತ್ತಿದ್ದರು. ಕಣ್ಣು ಮುಚ್ಚುತ್ತಿರಲಿಲ್ಲ.

ಐದನೆಯ ದಿನ ನನಗೆ ತಡೆಯಲಾಗಲಿಲ್ಲ. ಸಾಹುಕಾರರ ಕೋಣೆಗೆ ಹೋಗಿ, “ತಪ್ಪು ನಂದ್ರಿ. ಮ್ಯಾಲಿನ ಕಾಳು ನೋಡಿ ಹೇಳ್ದೆ. ಹುಲುಗಪ್ಪಣ್ಣಂದು ಏನೂ ಇಲ್ಲ,” ಎಂದೆ. ಕೀಲಿಗೊಂಚಲು ಮೇಜಿಗೆ ಬಡಿಯಿತು. ಅವರು ಬೈಯುತ್ತಲೇ ಹೋದರು. ನಾನು ಮೇಜಿನ ಮರೆಯಲ್ಲಿ ಚಪ್ಪಲಿಯಿಂದ ಕಾಲು ಹೊರಗೆ ತೆಗೆದು ನೆಲಕ್ಕೆ ಊರಿ ನಿಂತಿದ್ದೆ. ಕೊನೆಗೆ, “ಅವನ್ನ ಕಣಕ್ಕ ಕಳಿಸು. ನೀನು ನಾಳಿಂದ ಬರಬ್ಯಾಡ!” ಎಂದರು.

“ಆತ್ರೀ...” ಎಂದೆ. ಅಷ್ಟುದ್ದ ಎಳೆಯುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಮರುದಿನ ಅದೇ ಬಸ್ಸಿಗೆ ಬಂದೆ. ಸಾಹುಕಾರರು ನೋಡಿದರು, ಗಂಟಲು ಸರಿಮಾಡಿಕೊಂಡು ಒಳಗೆ ಹೋದರು. ಕಣದಲ್ಲಿ ಹುಲುಗಪ್ಪಣ್ಣ ಕಣ್ಣು ಮುಚ್ಚಿಕೊಂಡು ನಡೆಯುತ್ತಿದ್ದರು. ಜೇಬಿನಲ್ಲಿದ್ದ ರಾಜೀನಾಮೆಯ ಕಾಗದವನ್ನು ಮಧ್ಯಾಹ್ನ ಬುತ್ತಿಯ ಕೆಳಗೆ ಹಾಸಿ ಉಂಡೆ.

ಮುಂದೆ ಹಲವು ಸುಗ್ಗಿ ಕಳೆದವು. ಮಂಡಿ ಸೋತು ಅವರು ಸಂಡೂರಿನ ಆಚೆ, ಚೋರನೂರಿನ ಮಗಳ ಮನೆ ಸೇರಿದರು. ಅದು ಜೋಳದ ಹೊಲಗಳ ಊರು, ಭತ್ತದ ಕಣವೇ ಇಲ್ಲ. ಕಳೆದ ವರ್ಷ ನೋಡಲು ಹೋದಾಗ ಒಂದು ಚೀಲದಲ್ಲಿ ನಮ್ಮ ಕಣದ ಭತ್ತ ಒಯ್ದಿದ್ದೆ. ಅಂಗಳದಲ್ಲಿ ಅವರ ಮಂಚದ ಮುಂದೆ ಸುರಿದೆ. ಎರಡೂ ಪಾದ ಅದರೊಳಗಿಟ್ಟು ಕಣ್ಣು ಮುಚ್ಚಿದರು. ಮೆಲ್ಲಗೆ ಪಾದ ಎಳೆದರು, ಅದೇ ಸರಸರ ಸದ್ದು.

“ಇನ್ನೊಂದ್ ತಾಸು ಬಿಸ್ಲು ಬೇಕಿತ್ತು,” ಎಂದರು.

ಹೊರಡುವಾಗ, “ಮುಂದಿನ ಸುಗ್ಗಿಗೆ ಕಣಕ್ಕ ಬರಬೇಕು ನೋಡ್ರಿ,” ಎಂದೆ. ನನಗೆ ಯಾವತ್ತೂ ‘ಆತಪಾ’ ಎನ್ನುತ್ತಿದ್ದವರು ಅಂದು ಆಕಾಶದ ಕಡೆ ನೋಡಿ, “ಆತ್ರೀ...” ಎಂದರು.

ಆ ಸುಗ್ಗಿ ಬರುವ ಮೊದಲೇ ಅವರು ಹೋದರು. ಆದರೆ ಅಂದು ಅಂಗಳದಲ್ಲಿ ನಾನು ಸಣ್ಣ ಸಾಹುಕಾರರ ಹಾಗೆ, ಏನೂ ತಿಳಿಯದವನಂತೆ, “ಹಂಗಾರ ಬರ್ತೀರಿ, ಗ್ಯಾರಂಟಿ,” ಎಂದು ನಕ್ಕು ಬಸ್ಸಿನ ಕಡೆ ನಡೆದೆ.