ನಾತ ನಿಂತರೆ ಓಡು
ಕೌಕಾ ನದಿಯ ದಂಡೆಯ ಕೊಳಚೆ ಶುದ್ಧೀಕರಣ ಘಟಕದಲ್ಲಿ ಊರಿನ ಚರಂಡಿ ನೀರನ್ನು ಹೊಸ ಬಗೆಯ ಮುಚ್ಚಿದ ತೊಟ್ಟಿಗಳಿಗೆ ಬಿಡುತ್ತಾರೆ. ಒಳಗೆ ಕಣ್ಣಿಗೆ ಕಾಣದ ಜೀವಿಗಳು ಹೊಲಸನ್ನು ತಿಂದು ಗ್ಯಾಸು ಬಿಡುತ್ತವೆ. ಅಲ್ಲಿ ಕೆಲಸ ಮಾಡುವ ಲುದಿವಿಯಾಳನ್ನು ಕಂಡರೆ ಬೀದಿಯವರು ಮೂಗು ಮುಚ್ಚಿಕೊಳ್ಳುತ್ತಾರೆ. ಅವಳಿಗೋ ನಾತದ ಭಯವಿಲ್ಲ; ನಾತ ಇಲ್ಲದಿದ್ದರೇ ಭಯ.

ಕೆಲಸ ಕಲಿಸಿದ ಮುದುಕ ಎವೆಲಿಯೊ ಮೊದಲ ದಿನವೇ ಹೇಳಿದ್ದ: “ಗಬ್ಬು ನಾರ್ತಿದ್ರೆ ಹೆದರ್ಬೇಡ ಮಗಳೇ. ಈ ಗ್ಯಾಸು ಜಾಸ್ತಿಯಾದ್ರೆ ಮೊದಲು ಮೂಗನ್ನ ಸಾಯಿಸುತ್ತೆ, ಆಮೇಲೆ ನಮ್ಮನ್ನ. ನಾತ ನಿಂತ್ರೆ ಓಡು.” ಅದೇ ಎವೆಲಿಯೊ ಒಮ್ಮೆ ತೊಟ್ಟಿಗೆ ಇಳಿದವನು, ತಾನು ಹೇಳಿದ್ದನ್ನು ತಾನೇ ಮರೆತು, “ಇವತ್ತು ವಾಸನೇನೇ ಇಲ್ಲ ಕಣೇ!” ಎಂದು ನಕ್ಕ. ಮತ್ತೆ ಮೇಲೆ ಬರಲಿಲ್ಲ.

ಕಳೆದ ಭಾನುವಾರ ಅಮ್ಮ ಕಾಫಿ ಕುದಿಸುತ್ತಿದ್ದಳು. ಹಬೆ ಏಳುತ್ತಿತ್ತು, ಘಮ ಮಾತ್ರ ಇಲ್ಲ. ಲುದಿವಿಯಾ ಕಿಟಾರನೆ ಕಿರುಚಿ, ಅಮ್ಮನನ್ನು ದರದರ ಎಳೆದುಕೊಂಡು ಬೀದಿಗೆ ಓಡಿದಳು.

“ಥೂ ನಿನ್ನ! ಬೆಳಗ್ಗೆಯಿಂದ ಸೀನ್ತಾ ಇದೀಯ. ನೆಗಡಿ ಕಣೇ ಅದು!” ಎಂದು ಅಮ್ಮ ಬೈದಳು. ನೆರೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಲುದಿವಿಯಾ ನಗಲಿಲ್ಲ. ಬೀದಿಯ ಚರಂಡಿಯ ಮೇಲೆ ಬಗ್ಗಿ ಮೂಸಿದಳು, ಮತ್ತೆ ಮತ್ತೆ ಮೂಸಿದಳು. ನಾತ ಬರಲೇ ಇಲ್ಲ. ಮರುದಿನ ತೊಟ್ಟಿಗೆ ಇಳಿಯುವ ಸರದಿ ಅವಳದು.