ಜುಂಜಪ್ಪನ ಸೈಕಲ್ ಬೆಲ್ಲು

ಗುಬ್ಬಿಯಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಅಂಗಡಿ ಇಟ್ಟಿದ್ದ ಜುಂಜಪ್ಪ ಹೋದ ಗುರುವಾರ ತೀರಿಕೊಂಡ. ಬೆಳಿಗ್ಗೆ ಎದೆನೋವು ಬಂತು, ತುಮಕೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರಿರಲಿಲ್ಲ.

ಎದುರುಗಡೆ ಪೆಟ್ರೋಲ್ ಗಾಡಿ ರಿಪೇರಿ ಮಾಡುವ ಮಹಾಲಿಂಗಯ್ಯ ಅವನ ಜೊತೆಗೇ ಬೆಳೆದವನು. ಈಗಲೂ ಮರೆತು ಎರಡು ಟೀ ಹೇಳುತ್ತಾನೆ, ಆಮೇಲೆ ಎರಡನ್ನೂ ತಾನೇ ಕುಡಿಯುತ್ತಾನೆ.

ಜುಂಜಪ್ಪ ಅಂಗಡಿ ತೆರೆದ ಹೊಸದರಲ್ಲಿ ಮಹಾಲಿಂಗಯ್ಯ ಅವನನ್ನು ರೇಗಿಸಿದ್ದೇ ರೇಗಿಸಿದ್ದು. "ಸದ್ದಿಲ್ದ ಗಾಡಿ ಯಾರ್ಲಾ ತಗೋತಾರೆ? ಮಿಕ್ಸಿ ಮಾರು, ಅದಾದ್ರೂ ಸದ್ದ್ ಮಾಡ್ತದೆ."

ಮೊದಲು ಕೊಂಡವಳು ನಿಟ್ಟೂರಿನಿಂದ ಹೂ ತಂದು ಮಾರುವ ದೊಡ್ಡಗಂಗಮ್ಮ. ಪೂಜೆಯಾಯಿತು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಸದ್ದೇ ಇಲ್ಲ, ಗಾಡಿ ಇನ್ನೂ ಆನ್ ಆಗಿಲ್ಲ ಎಂದುಕೊಂಡು ಆಕೆ ಎಕ್ಸಲೇಟರ್ ತಿರುಗಿಸಿಯೇಬಿಟ್ಟಳು. ಗಾಡಿ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ, ರಸ್ತೆ ದಾಟಿ, ಮಹಾಲಿಂಗಯ್ಯನ ಹಳೇ ಟೈರುಗಳ ರಾಶಿಗೆ ನುಗ್ಗಿ ನಿಂತಿತು.

"ನೋಡ್ದೇನ್ಲಾ, ಸದ್ದಿಲ್ದಂಗೆ ನಿನ್ ಅಂಗ್ಡೀಗೇ ಬಂತು!" ಎಂದು ಜುಂಜಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಸಂಜೆ ಅದಕ್ಕೊಂದು ಸೈಕಲ್ ಬೆಲ್ಲು ಕೂರಿಸಿದ. ಗುಡಿಯೊಳಕ್ಕೆ ಹೋಗುವಾಗ ಗಂಟೆ ಬಾರಿಸುವ ಹಾಗೆ ಮೊದಲು ಬೆಲ್ಲು, ಆಮೇಲೆ ಎಕ್ಸಲೇಟರ್. ಅಲ್ಲಿಂದ ಮುಂದೆ ಅವನು ಮಾರಿದ ಗಾಡಿಗೆಲ್ಲ ಬೆಲ್ಲು.

ಸರ್ಕಾರ ಎಲೆಕ್ಟ್ರಿಕ್ ಗಾಡಿಗಳ ಸಬ್ಸಿಡಿ ನಿಲ್ಲಿಸಿದಾಗ ಅಂಗಡಿಗೆ ಕುತ್ತು ಬಂತು. ದೊಡ್ಡ ಕಂಪನಿಗಳು ನಷ್ಟವನ್ನು ತಾವೇ ನುಂಗಿಕೊಂಡು ಹಳೇ ಬೆಲೆಗೇ ಮಾರಿದವು. ಜುಂಜಪ್ಪ ಮಾರುತ್ತಿದ್ದ ಸಣ್ಣ ಕಂಪನಿಗೆ ಆ ತಾಕತ್ತಿರಲಿಲ್ಲ. ಅದರ ಬೆಲೆ ಏರಿತು, ಜನ ತುಮಕೂರಿನ ಶೋರೂಮುಗಳ ಕಡೆ ತಿರುಗಿದರು. ಕೊನೆಗೆ ಕಂಪನಿಯೇ ಬಾಗಿಲು ಹಾಕಿತು.

"ಮುಚ್ಚ್ ಬುಡು. ನನ್ ಗ್ಯಾರೇಜಿಗೇ ಬಾ," ಎಂದ ಮಹಾಲಿಂಗಯ್ಯ. ಈ ಸಲ ತಮಾಷೆಗಲ್ಲ.

"ನಾನ್ ಮಾರಿರೋ ಗಾಡಿಗಳ್ನ ಯಾರ್ಲಾ ನೋಡ್ಕೋತಾರೆ?"

ಜುಂಜಪ್ಪ ಕಂಪನಿಯ ಬೋರ್ಡು ಇಳಿಸಿ, 'ಯಾವ ಕಂಪನಿಯದಾದರೂ ರಿಪೇರಿ' ಎಂದು ಬರೆಸಿದ. ಮುಚ್ಚಿಹೋದ ಕಂಪನಿಗಳ ಗಾಡಿಗಳು ಹಾಗಲವಾಡಿ, ಕುಣಿಗಲ್ ಕಡೆಯಿಂದ ಟೆಂಪೋ ಹತ್ತಿ ಬಂದವು. ತುಮಕೂರಿನಲ್ಲಿ ಕೊಂಡವರೂ ಬಂದರು, ಬೆಲ್ಲು ಹಾಕಿಸುವುದಕ್ಕೆ. ಜುಂಜಪ್ಪನ ಬೆಲ್ಲು ಕೂರದೆ ಪೂಜೆ ಪೂರ್ತಿಯಾಗುವುದಿಲ್ಲ ಎಂಬಷ್ಟು ಅದು ಅಷ್ಟರಲ್ಲಿ ರೂಢಿಯಾಗಿತ್ತು. ಅಂಗಡಿ ಉಳಿಯಿತು.

ಅವನು ತೀರಿಕೊಂಡ ಹಿಂದಿನ ದಿನ, ಬುಧವಾರ ಸಂಜೆ, ದೊಡ್ಡಗಂಗಮ್ಮನ ಮಗಳು ಶಿಲ್ಪಾ ತುಮಕೂರಿನಿಂದ ಹೊಸ ಗಾಡಿ ತಂದು, ನಾಚಿಕೊಂಡು ದೂರದಲ್ಲೇ ನಿಂತಿದ್ದಳು.

"ಯಾಕವ್ವ, ಕದ್ಕೊಂಡ್ ಬಂದೋಳಂಗೆ ನಿಂತಿದೀಯ? ಬಾ ಇಲ್ಲಿ," ಎಂದು ಜುಂಜಪ್ಪ ಕರೆದ.

"ನಿನ್ ಯಾಪಾರ ಕಿತ್ಕೊಂಡೋರ ಗಾಡಿ ಕಣ್ಲಾ ಅದು," ಎಂದ ಮಹಾಲಿಂಗಯ್ಯ.

"ಹುಡ್ಗಿ ನಮ್ಮೋಳಲ್ವೇನ್ಲಾ?"

ಬೆಲ್ಲು ಕೂರಿಸಿ, ಸ್ಕ್ರೂ ಬಿಗಿ ಮಾಡಿ, ತಾನೇ ಒಂದು ಸಲ ಟ್ರಿಣ್ ಎನ್ನಿಸಿದ.